ಡ್ರೋನ್ ಸಿಂಪಡಣೆ: ತಂತಿ, ಗಾಳಿ, ಔಷಧಿ

ಪ್ರಶ್ನೆ: ಬಾಡಿಗೆ ಡ್ರೋನಿನಲ್ಲಿ ಟೊಮೆಟೊಗೆ ಔಷಧಿ ಹೊಡೆಸುವಾಗ ಅದು ಪಂಪ್‌ಸೆಟ್ ಲೈನಿಗೆ ಬಡಿದು ಬಿತ್ತು. ರೇಡಾರ್ ಇದ್ದೂ ಹೀಗೇಕಾಯಿತು?
– ಓದುಗರು, ಮುಳಬಾಗಿಲು ತಾಲ್ಲೂಕು

ಉತ್ತರ: ರೇಡಾರ್‌ಗೆ ಮರ, ಗೋಡೆ ಕಾಣುತ್ತವೆ, ತೆಳು ತಂತಿ ಎಷ್ಟೋ ಸಲ ಕಾಣುವುದಿಲ್ಲ. ಪೈಲಟ್ ಕೂತು ಹಾರಿಸುವ ಸಿಂಪಡಣೆ ವಿಮಾನಗಳು ಬೀಳುವುದಕ್ಕೂ ತಂತಿ ಒಂದು ಮುಖ್ಯ ಕಾರಣ. ಹಾರಿಸುವ ಮೊದಲು ಹೊಲದ ನಾಲ್ಕೂ ಬದಿ ನಡೆದು ನೋಡಲೇಬೇಕು. ಬಿಸಿಲಿಗೆ ತಂತಿ ಕಣ್ಣು ತಪ್ಪಿಸುತ್ತದೆ, ಹಾಗಾಗಿ ಕಂಬ ಹುಡುಕಿ, ಅಲ್ಲಿಂದ ತಂತಿ ಎತ್ತ ಹೋಗಿದೆ ನೋಡಿ. ಸ್ಟಾರ್ಟರ್ ಡಬ್ಬಕ್ಕೆ ಇಳಿದ ಸರ್ವಿಸ್ ವೈರ್, ಕಂಬವನ್ನು ಎಳೆದು ಕಟ್ಟಿದ ಸ್ಟೇ ವೈರ್ ಎರಡನ್ನೂ ಡ್ರೋನಿನ ಮ್ಯಾಪಿನಲ್ಲಿ ಗುರುತು ಹಾಕಿಸಿ.

ಇನ್ನೊಂದು, 'ರಿಟರ್ನ್ ಟು ಹೋಮ್' ಎತ್ತರ. ಸಿಂಪಡಣೆ ಬೆಳೆಯ ಮೇಲೆ 2–3 ಮೀಟರಿನಲ್ಲಿ ನಡೆದರೂ, ಸಿಗ್ನಲ್ ತಪ್ಪಿದರೆ ಅಥವಾ ಬ್ಯಾಟರಿ ಇಳಿದರೆ ಡ್ರೋನ್ ತಾನಾಗಿ ಮೊದಲೇ ಇಟ್ಟ ಈ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ನೇರವಾಗಿ ವಾಪಸ್ ಬರುತ್ತದೆ. ಲೈನ್ 7 ಮೀಟರಿನಲ್ಲಿದ್ದು ಇದನ್ನೂ 7ಕ್ಕೇ ಇಟ್ಟಿದ್ದರೆ ಹೋಗಿ ಬಡಿಯುತ್ತದೆ. ಸುತ್ತಲಿನ ಅತಿ ಎತ್ತರದ ಮರ, ಕಂಬಕ್ಕಿಂತ 5 ಮೀಟರಾದರೂ ಹೆಚ್ಚಿರಲಿ. ಲೈನು ದಾಟದಂತೆ ಹೊಲದ ಬದಿಯಿಂದಲೇ ಹಾರಿಸುವುದು ಇನ್ನೂ ಮೇಲು. ಟ್ರಾನ್ಸ್‌ಫಾರ್ಮರ್, ಟ್ರ್ಯಾಕ್ಟರ್ ಪಕ್ಕದಿಂದ ಹಾರಿಸುವುದು ಬೇಡ, ಡ್ರೋನಿನ ದಿಕ್ಸೂಚಿ ಕೆಡುತ್ತದೆ.

ತಂತಿಗೆ ಸಿಕ್ಕಿಬಿದ್ದ ಡ್ರೋನನ್ನು ಕೋಲಿನಿಂದ ಎಳೆಯಲು ದಯವಿಟ್ಟು ಹೋಗಬೇಡಿ. ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ, ಲೈನ್ ಆಫ್ ಮಾಡಿದ್ದು ಖಾತ್ರಿಯಾಗುವವರೆಗೆ ಯಾರೂ ಹತ್ತಿರ ಸುಳಿಯಬಾರದು.

ಪ್ರಶ್ನೆ: ಪಕ್ಕದ ದ್ರಾಕ್ಷಿ ತೋಟಕ್ಕೆ ಡ್ರೋನ್ ಬರುತ್ತದೆ. ನಮ್ಮ ಹಿಪ್ಪುನೇರಳೆಗೆ ಅಪಾಯವೇ?
– ಓದುಗರು, ಶಿಡ್ಲಘಟ್ಟ

ಉತ್ತರ: ಖಂಡಿತ. 150 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ದೂರ ಹೋಗುತ್ತವೆ. ರೇಷ್ಮೆ ಹುಳುವೂ ಪತಂಗದ ಮರಿಯೇ. ಕಾಯಿಕೊರಕಕ್ಕೆ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್, ಲ್ಯಾಂಬ್ಡಾ ಸೈಹ್ಯಾಲೋಥ್ರಿನ್ ಅದಕ್ಕೂ ವಿಷ, ಸೊಪ್ಪು ನೋಡಿದರೆ ಮಾತ್ರ ಏನೂ ಗೊತ್ತಾಗದು. ಗಾಳಿ ನಿಮ್ಮ ಕಡೆ ಬೀಸುವಾಗ ಅಥವಾ ಸೆಕೆಂಡಿಗೆ 3 ಮೀಟರ್ ಮೀರಿದಾಗ ನಿಲ್ಲಿಸಲು ಪಕ್ಕದವರನ್ನು ಕೇಳಿ. ಗಾಳಿಯೇ ಇಲ್ಲದ ಮುಂಜಾವೂ ಒಳ್ಳೆಯದಲ್ಲ: ಒಲೆಯ ಹೊಗೆ ಮೇಲೇರದೆ ಅಡ್ಡಡ್ಡ ಹರಡಿದರೆ ಔಷಧಿಯ ಮಂಜೂ ಹಾಗೇ ಹರಡುತ್ತದೆ. ಹನಿಯನ್ನು 250 ಮೈಕ್ರಾನಿನ ಮೇಲಿಡಿಸಿ.

ಅನುಮಾನವಿದ್ದರೆ ಆ ಅಂಚಿನ ಸಾಲಿನ ಸೊಪ್ಪನ್ನು ಮೊದಲು ಒಂದಷ್ಟು ಹುಳುಗಳಿಗಷ್ಟೇ ಕೊಟ್ಟು ಒಂದು ದಿನ ಕಾಯಿರಿ. ತಲೆ ಅಲ್ಲಾಡಿಸುತ್ತಾ ಹಸಿರು ರಸ ಕಾರಿದರೆ ಆ ಸೊಪ್ಪು ಹುಳುಮನೆಗೆ ಬೇಡವೇ ಬೇಡ.

ಪ್ರಶ್ನೆ: ಎಕರೆಗೆ 200 ಲೀಟರ್ ನೀರಿಗೆ 100 ಮಿಲಿ ಹಾಕುತ್ತಿದ್ದೆವು. ಡ್ರೋನಿನ 10 ಲೀಟರಿಗೆ 5 ಮಿಲಿ ಸಾಕೇ?
– ಓದುಗರು, ಗೌರಿಬಿದನೂರು

ಉತ್ತರ: ಸಾಲದು. ಪ್ರಮಾಣ ಎಕರೆ ಲೆಕ್ಕದ್ದು. 10 ಲೀಟರಿನಲ್ಲಿ ಎಕರೆ ಮುಗಿಸುವುದಾದರೆ 100 ಮಿಲಿಯೇ ಬೇಕು. ಅಂದರೆ ಟ್ಯಾಂಕಿನ ದ್ರಾವಣ ನಿಮ್ಮ ಹಳೇ ದ್ರಾವಣಕ್ಕಿಂತ 20 ಪಟ್ಟು ಗಟ್ಟಿ. ಕೈಮೇಲೆ ಚೆಲ್ಲಿದರೆ ವಿಷವೂ ಅಷ್ಟೇ ಪಟ್ಟು. ನೈಟ್ರೈಲ್ ಗ್ಲೌಸ್, ಕನ್ನಡಕ ಇಲ್ಲದೆ ಬೆರೆಸಬೇಡಿ. ಆ ಔಷಧಿಗೆ ಆ ಬೆಳೆಯಲ್ಲಿ ಡ್ರೋನ್ ಬಳಕೆಯ ಅನುಮತಿ ಇದೆಯೇ ಎಂದೂ ವಿಚಾರಿಸಿ. ಡ್ರೋನ್ ಇಳಿದ ಮೇಲೆ ರೆಕ್ಕೆ ಪೂರ್ತಿ ನಿಂತು, ಬ್ಯಾಟರಿ ಕಳಚಿದ ನಂತರವೇ ಟ್ಯಾಂಕ್ ಮುಟ್ಟಿ. ಕೊನೆಗೆ ಮೂರು ಸಲ ತೊಳೆದ ನೀರನ್ನು ಅದೇ ಹೊಲಕ್ಕೆ ಸಿಂಪಡಿಸಿ, ಕೆರೆ, ಕಾಲುವೆಗೆ ಚೆಲ್ಲಬೇಡಿ.