ಚಿಗರಿ ಬಸ್ಸಿನ ಕಂಬಿ ಹಿಡಿದರೆ ಔಷಧಕ್ಕೆ ಜಗ್ಗದ ಸೋಂಕು ಅಂಟುತ್ತದೆಯೇ?

ಧಾರವಾಡದಿಂದ ಹುಬ್ಬಳ್ಳಿಗೆ ನಿತ್ಯ ಚಿಗರಿಯಲ್ಲಿ ಓಡಾಡುತ್ತೀರಿ, ಮನೆಯಲ್ಲಿ ಹಾಲುಗೂಸು ಇದೆ, ಬಸ್ಸಿನ ಕಂಬಿಗಳ ಮೇಲೆ ಯಾವ ಆಂಟಿಬಯೋಟಿಕ್‌ಗೂ ಸಾಯದ ಬ್ಯಾಕ್ಟೀರಿಯಾ ಇರುತ್ತವೆ ಎಂದು ಓದಿ ಹೆದರಿದ್ದೀರಿ, ಕೈಗವಸು ಹಾಕಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ. ಕೈಗವಸು ತೊಟ್ಟವರು ಅದೇ ಕೈಯಿಂದ ಮೊಬೈಲ್ ಒತ್ತುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ. ಬರಿಗೈಯವರಿಗೆ ತೊಳೆದುಕೊಳ್ಳಬೇಕೆಂಬ ನೆನಪಾದರೂ ಇರುತ್ತದೆ.

ನಾನು ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಇಂಥ ಬ್ಯಾಕ್ಟೀರಿಯಾಗಳನ್ನೇ ಬೆಳೆಸಿ ನೋಡುವ ತಂತ್ರಜ್ಞ. ಸಂಜೆ ನಿಮ್ಮ ಹಾಗೆಯೇ ಕಂಬಿ ಹಿಡಿದು ನಿಂತು ಮನೆಗೆ ಹೋಗುತ್ತೇನೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಅಮೆರಿಕದ ನಗರವೊಂದರ 40 ಬಸ್ಸುಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 25 ಬಸ್ಸುಗಳಲ್ಲಿ ಎಂಆರ್‌ಎಸ್‌ಎ ಸಿಕ್ಕಿತ್ತು. ಮೆಥಿಸಿಲಿನ್ ಗುಂಪಿನ ಆಂಟಿಬಯೋಟಿಕ್‌ಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅದು. ಆಸನ ಮತ್ತು ಆಸನದ ಹಿಡಿಕೆಗಳ ಮೇಲೆಯೇ ಹೆಚ್ಚು ಇತ್ತು. ಲಂಡನ್ನಿನಲ್ಲಿ ಜನ ಪದೇ ಪದೇ ಮುಟ್ಟುವ ಜಾಗಗಳಿಂದ ತೆಗೆದ 600 ಸ್ಟ್ಯಾಫಿಲೊಕಾಕಸ್ ಮಾದರಿಗಳಲ್ಲಿ ಸುಮಾರು ಶೇ. 47ರಷ್ಟು, ಎರಡು ಅಥವಾ ಹೆಚ್ಚು ಔಷಧಗಳಿಗೆ ಜಗ್ಗಲಿಲ್ಲ. ಆಸ್ಪತ್ರೆಗಳ ಸಾರ್ವಜನಿಕ ಜಾಗಗಳಲ್ಲಿ ಆ ಪ್ರಮಾಣ ತುಸು ಜಾಸ್ತಿಯೇ ಇತ್ತು. ನಮ್ಮ ಮಾರ್ಗದಲ್ಲಿ ವಿದ್ಯಾನಗರದ ಕಿಮ್ಸ್ ಆಸ್ಪತ್ರೆ ಇದೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇದೆ. ವಾರ್ಡಿನಲ್ಲಿ ರೋಗಿಯ ಪಕ್ಕ ರಾತ್ರಿ ಕಳೆದವರು ಬೆಳಿಗ್ಗೆ ಹತ್ತುವುದು ಇದೇ ಬಸ್ಸನ್ನು. ಹಾಗಾಗಿ ನಮ್ಮ ಕಂಬಿಗಳು ಲಂಡನ್ನಿನವಕ್ಕಿಂತ ಶುದ್ಧ ಎಂದು ನಾನು ಹೇಳಲಾರೆ.

ಆದರೆ ಕಂಬಿಯ ಮೇಲಿನ ಸ್ಟ್ಯಾಫಿಲೊಕಾಕಸ್ ಬಂದದ್ದು ನಮ್ಮಿಂದಲೇ. ಸರಿಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಯಾವ ತೊಂದರೆಯನ್ನೂ ಕೊಡದೆ ಬಾಳುತ್ತಿರುತ್ತದೆ. ಚರ್ಮ ಹರಿಯದೆ ಇದ್ದರೆ ಅದಕ್ಕೆ ಒಳಗೆ ದಾರಿ ಸಿಗುವುದು ಕಷ್ಟ. ಕೈಯಲ್ಲಿ ಗಾಯ, ಬಿರುಕು, ಕಜ್ಜಿ ಇದ್ದರೆ ಮಾತು ಬೇರೆ. ಅದರ ಮೇಲೆ ಪಟ್ಟಿ ಸುತ್ತಿಕೊಂಡೇ ಬಸ್ ಹತ್ತಿ.

ಬಹಳ ಜನ ತಪ್ಪು ತಿಳಿದಿರುವುದು ಇನ್ನೊಂದಿದೆ. ಆಂಟಿಬಯೋಟಿಕ್‌ಗೆ ಸಾಯದ್ದು ಸಾಬೂನಿಗೂ ಸಾಯದು ಎಂದುಕೊಳ್ಳುತ್ತಾರೆ. ನಾವು ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಬೇರೆ ಬೇರೆ ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಬಳೆಯಾಕಾರದ ಜಾಗ ಉಳಿಯುತ್ತದೆ. ಮಾಡದಿದ್ದರೆ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿರುತ್ತದೆ. ಐದಾರು ಬಿಲ್ಲೆಗಳಿಗೂ ಸೊಪ್ಪು ಹಾಕದ ಬ್ಯಾಕ್ಟೀರಿಯಾವೂ ಸಾಬೂನಿನ ನೊರೆಯ ಜೊತೆ ಜಾರಿಹೋಗುತ್ತದೆ, ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಜರ್‌ಗೆ ಸಾಯುತ್ತದೆ. ಔಷಧದಿಂದ ತಪ್ಪಿಸಿಕೊಳ್ಳಲು ಅದು ಕಲಿತ ಉಪಾಯ ಸಾಬೂನು, ಆಲ್ಕೋಹಾಲ್‌ಗಳ ಎದುರು ನಡೆಯುವುದಿಲ್ಲ. ಮನೆ ಮುಟ್ಟಿದ ಕೂಡಲೇ, ಕೂಸನ್ನು ಎತ್ತಿಕೊಳ್ಳುವ ಮೊದಲು, ಉಗುರಿನ ಸಂದಿಯೂ ಸೇರಿ 20 ಸೆಕೆಂಡ್ ಕೈ ತಿಕ್ಕಿ ತೊಳೆಯಿರಿ. ಕೈಗೆ ಕೊಳೆ, ಜಿಡ್ಡು ಹತ್ತಿದ್ದರೆ ಸ್ಯಾನಿಟೈಜರ್ ಸಾಲದು, ಸಾಬೂನು-ನೀರೇ ಬೇಕು. ಮೊಬೈಲನ್ನೂ ಒರೆಸಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು ಇರಲಿ.

ಕಂಬಿಗಿಂತ ನನಗೆ ಹೆಚ್ಚು ಭಯವಿರುವುದು ಔಷಧ ಅಂಗಡಿಯ ಕಟ್ಟೆಯ ಬಗ್ಗೆ. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ; ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ 1961ರಲ್ಲೇ ವರದಿಯಾಯಿತು. ಅಷ್ಟು ಬೇಗ ಕಲಿಯುವ ಜೀವಿಗೆ ನಾವು ದಿನವೂ ಪಾಠ ಹೇಳುತ್ತಿದ್ದೇವೆ. ನೆಗಡಿಗೆ ಕಾರಣ ವೈರಸ್, ಆಂಟಿಬಯೋಟಿಕ್‌ನಿಂದ ಅದಕ್ಕೆ ಕೂದಲೂ ಕೊಂಕುವುದಿಲ್ಲ. ಆದರೂ ಚೀಟಿ ಇಲ್ಲದೆ ‘ಮೂರು ದಿನದ ಗುಳಿಗೆ ಕೊಡಿ’ ಎನ್ನುವವರಿದ್ದಾರೆ, ಕೊಡುವವರೂ ಇದ್ದಾರೆ. ಎರಡು ಗುಳಿಗೆ ನುಂಗಿ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಡಬ್ಬಿಯಲ್ಲಿ ಎತ್ತಿಡುವವರಿಗಂತೂ ಲೆಕ್ಕವಿಲ್ಲ. ಕೆಲವು ಮುಖ್ಯ ಆಂಟಿಬಯೋಟಿಕ್‌ಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕೆಂಬ ಎಚ್1 ನಿಯಮ 2014ರ ಮಾರ್ಚ್‌ನಿಂದಲೇ ಜಾರಿಯಲ್ಲಿದೆ. ಗುಳಿಗೆಯ ಪಟ್ಟಿಯ ಮೇಲೆ ಉದ್ದನೆಯ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಳ್ಳಬೇಡಿ. ಕೂಸಿನ ವಿಷಯದಲ್ಲಂತೂ ನೆರೆಮನೆಯವರ ಸಲಹೆಯನ್ನೂ ಕೇಳಬೇಡಿ.

ಮನೆಯಲ್ಲಿ ಯಾರಿಗಾದರೂ ಕುರು ಎದ್ದು, ಕೆಂಪಾಗಿ, ಜ್ವರವೂ ಬಂದರೆ ಹಿಸುಕದೆ ವೈದ್ಯರ ಬಳಿ ಹೋಗಿ. ಕೂಸಿನ ಮೈಮೇಲೆ ಕೀವುಗುಳ್ಳೆ ಕಂಡರೆ ಜ್ವರಕ್ಕಾಗಿ ಕಾಯುವುದೂ ಬೇಡ. ಕೀವಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ, ಸಂಕೋಚ ಬೇಡ. ಬೇಕೆಂದರೆ, ಆಂಟಿಬಯೋಟಿಕ್ ಶುರುವಾಗುವ ಮೊದಲೇ ಮಾದರಿ ಕೊಡುವುದು ಒಳ್ಳೆಯದು. ನಾಲ್ಕು ಡೋಸ್ ಆದ ಮೇಲೆ ತಂದ ಕೀವಿನಲ್ಲಿ ನಮ್ಮ ತಟ್ಟೆಯ ಮೇಲೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ವರದಿಗೆ ಎರಡು-ಮೂರು ದಿನ ಹಿಡಿಯುತ್ತದೆ.