ಓದುಗರ ಪ್ರಶ್ನೆ, ಗ್ರಂಥಪಾಲಕಿಯ ಉತ್ತರ: ಮಂಗಳನ ಆಲೂಗಡ್ಡೆಯಿಂದ ಹಾರುವ ಓತಿಯವರೆಗೆ

ನೀವು ಈಗ ಓದುತ್ತಿರುವ ಫ್ಯಾಂಟಸಿ ಅಥವಾ ವಿಜ್ಞಾನ ಕಾದಂಬರಿ ಯಾವುದು, ಓದುವಾಗ ಎದ್ದ ಪ್ರಶ್ನೆ ಏನು ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಮೈಸೂರು ಮತ್ತು ಮಂಡ್ಯದವೇ ಹೆಚ್ಚು. ಗ್ರಂಥಾಲಯದ ಕೌಂಟರಿನ ಹಿಂದೆ ಮೂವತ್ತು ವರ್ಷ ಕುಳಿತು ನಿವೃತ್ತಳಾದ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಾನು ಆಂಡಿ ವಿಯರ್ ಅವರ ‘ದ ಮಾರ್ಷಿಯನ್’ ಓದುತ್ತಿದ್ದೇನೆ. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಹೋದ ಗಗನಯಾತ್ರಿ ಅಲ್ಲಿಯ ಮಣ್ಣಿನಲ್ಲಿ ಆಲೂಗಡ್ಡೆ ಬೆಳೆದು ಜೀವ ಉಳಿಸಿಕೊಳ್ಳುತ್ತಾನೆ. ರಾತ್ರಿ ಊಟವಾದ ಮೇಲೆ ಇದನ್ನು ತಾತನಿಗೆ ಸ್ವಲ್ಪ ಸ್ವಲ್ಪವೇ ಹೇಳುತ್ತೇನೆ. ತಾತ, “ಅಲ್ಲ ಕಣ್ಲಾ, ನಾಲೆ ಇಲ್ದಿರೋ ಊರಲ್ಲಿ ನೀರು ಎಲ್ಲಿಂದ ತಂದ? ಗೊಬ್ಬರ ಯಾರು ಕೊಟ್ರು?” ಎಂದು ಕೇಳಿದರು. ಇದು ನಿಜಕ್ಕೂ ಸಾಧ್ಯವೇ? (ಬಿ.ಎಸ್ಸಿ. ವಿದ್ಯಾರ್ಥಿ, ಮಂಡ್ಯ ತಾಲ್ಲೂಕು)

ಉತ್ತರ: ನಿಮ್ಮ ತಾತ ರಾಕೆಟ್ಟಿನ ವಿಷಯ ಬಿಟ್ಟು ನೀರಿನ ವಿಷಯ ಕೇಳಿದರಲ್ಲ, ಅದನ್ನೇ ನಾನು ಆ ಪುಸ್ತಕಕ್ಕೆ ಸಿಕ್ಕ ದೊಡ್ಡ ಪ್ರಶಸ್ತಿ ಎಂದುಕೊಳ್ಳುತ್ತೇನೆ. ಕಥೆಯನ್ನು ನಂಬಿದವರು ಮಾತ್ರ ಹಾಗೆ ಕೇಳುತ್ತಾರೆ. ಕಾದಂಬರಿಯೊಳಗಿನ ಲೆಕ್ಕ ಹೀಗಿದೆ: ನೌಕೆಯಲ್ಲಿ ಉಳಿದಿದ್ದ ಹೈಡ್ರಜೀನ್ ಎಂಬ ಇಂಧನವನ್ನು ಒಡೆದು ಅದರಿಂದ ಹೈಡ್ರೋಜನ್ ತೆಗೆದು, ಅದನ್ನು ಆಮ್ಲಜನಕದಲ್ಲಿ ಉರಿಸಿ ಆತ ನೀರು ಮಾಡಿಕೊಳ್ಳುತ್ತಾನೆ. ರಸಾಯನಶಾಸ್ತ್ರದ ಪ್ರಕಾರ ಇದು ಸರಿಯೇ. ಆದರೆ ಮನೆಯೊಳಗೆ ಹೈಡ್ರೋಜನ್ ಉರಿಸುವುದೆಂದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ, ಅದರ ಫಲವನ್ನೂ ಆತ ಉಣ್ಣುತ್ತಾನೆ. ಗೊಬ್ಬರದ ಮಾತು ತಾತನಿಗೆ ಇನ್ನೂ ಹಿಡಿಸಬಹುದು. ತಾನು ಮತ್ತು ಜೊತೆಗಾರರು ಬಿಟ್ಟ ಮಲವನ್ನೇ ಭೂಮಿಯಿಂದ ತಂದಿದ್ದ ಒಂದಿಷ್ಟು ಮಣ್ಣಿನೊಡನೆ ಬೆರೆಸಿ, ಆ ಹದವಾದ ಮಣ್ಣನ್ನು ಮಂಗಳನ ಸತ್ತ ಮಣ್ಣಿಗೆ ಕೂಡಿಸಿ, ಹಬ್ಬದ ಊಟಕ್ಕೆಂದು ಹಸಿಯಾಗಿಯೇ ಕಳಿಸಿದ್ದ ಆಲೂಗಡ್ಡೆಗಳನ್ನು ಕಣ್ಣು ಉಳಿಯುವಂತೆ ತುಂಡು ಮಾಡಿ ನೆಡುತ್ತಾನೆ. ಇದು ಸರಿಯೋ ತಪ್ಪೋ ಎಂಬುದನ್ನು ಭತ್ತ, ಕಬ್ಬಿನ ಮಂಡ್ಯದವರಿಗಿಂತ ಹಾಸನದವರು ಚೆನ್ನಾಗಿ ಹೇಳಿಯಾರು.

ಲೇಖಕರು ಎಡವಿದ್ದು ಬೇರೆ ಕಡೆ. 2008ರಲ್ಲಿ ಮಂಗಳನ ಮೇಲಿಳಿದ ಫೀನಿಕ್ಸ್ ನೌಕೆ ಅಲ್ಲಿಯ ಮಣ್ಣಿನಲ್ಲಿ ಪರ್‌ಕ್ಲೋರೇಟ್ ಎಂಬ ಲವಣಗಳನ್ನು ಪತ್ತೆ ಮಾಡಿತು. ಅವು ನಮ್ಮ ಥೈರಾಯ್ಡ್ ಗ್ರಂಥಿಗೆ ಕೆಡುಕು ಮಾಡುವಂಥವು. ನೀರಿನಲ್ಲಿ ಕರಗುವುದರಿಂದ ಮಣ್ಣನ್ನು ತೊಳೆದು ತೆಗೆಯಬಹುದಾದರೂ ಕಾದಂಬರಿ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್ನು ಕಥೆಯ ಆರಂಭದಲ್ಲೇ ನೌಕೆಯನ್ನು ಉರುಳಿಸುವಂತೆ ಬೀಸುವ ಬಿರುಗಾಳಿಯಂತೂ ಪೂರ್ತಿ ಸುಳ್ಳು. ಮಂಗಳನ ವಾಯುಭಾರ ಭೂಮಿಯದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಹಾಗಾಗಿ ಅಲ್ಲಿ ಎಷ್ಟೇ ವೇಗವಾಗಿ ಗಾಳಿ ಬೀಸಿದರೂ ಮೈಗೆ ತಂಗಾಳಿ ಸೋಕಿದಷ್ಟೇ ತಾಗೀತು. ಇದನ್ನು ತಿಳಿದೂ ಕಥೆಗಾಗಿ ಬರೆದೆ ಎಂದು ಲೇಖಕರೇ ಒಪ್ಪಿಕೊಂಡಿದ್ದಾರೆ. ನನಗೆ ಈ ಸುಳ್ಳು ಕ್ಷಮಾರ್ಹ. ಒಂದು ಸುಳ್ಳನ್ನು ಹೊಸ್ತಿಲಲ್ಲೇ ಹೇಳಿ ಮುಗಿಸಿ, ಆಮೇಲೆ ನೂರಾರು ಪುಟ ಲೆಕ್ಕ ತಪ್ಪದೆ ನಡೆದವರು ಅವರು. ತಾತನಿಗೆ ಮುಂದಿನ ಭಾಗ ಹೇಳುವಾಗ ಗಾಳಿಯ ವಿಷಯವನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಹೇಳಿದರೆ ಎದ್ದು ಮಲಗಲು ಹೋದಾರು.

ಪ್ರಶ್ನೆ: ಪುಷ್ಪಕ ವಿಮಾನವಿದೆಯಲ್ಲ, ಹಾಗಾದರೆ ರಾಮಾಯಣವೂ ಸೈನ್ಸ್ ಫಿಕ್ಷನ್ ಅಲ್ಲವೇ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. (ಶಿಕ್ಷಕಿ, ಸರಸ್ವತಿಪುರಂ, ಮೈಸೂರು)

ಉತ್ತರ: ವಿಮಾನ ಇದೆಯೋ ಇಲ್ಲವೋ ಎಂಬುದರ ಮೇಲೆ ಈ ಗೆರೆ ಎಳೆಯಲಾಗದು. ಪುಷ್ಪಕ ಒಡೆಯನ ಮನಸ್ಸನ್ನು ಅರಿತು ಹಾರುತ್ತದೆ. ಅದಕ್ಕೆ ಇಂಧನ ಏನು, ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎಂದು ರಾಮಾಯಣದಲ್ಲಿ ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಆ ಕಾವ್ಯಕ್ಕಿಲ್ಲ. ಈ ಪ್ರಶ್ನೆಗಳನ್ನು ಕೇಳಿಕೊಂಡು, ಅವುಗಳ ಉತ್ತರದಿಂದಲೇ ಮುಂದಿನ ಘಟನೆ ಹುಟ್ಟಿದರೆ ಅದು ವಿಜ್ಞಾನ ಕಥೆ. ಮೇರಿ ಶೆಲ್ಲಿ ಅವರ ‘ಫ್ರಾಂಕನ್‌ಸ್ಟೈನ್’ ಪ್ರಕಟವಾದದ್ದು 1818ರಲ್ಲಿ. ಅದರೊಳಗಿನ ರಾಕ್ಷಸನನ್ನು ಯಾವ ಮಂತ್ರವಾದಿಯೂ ಕರೆದು ತರಲಿಲ್ಲ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗನೊಬ್ಬ ನಿದ್ದೆಗೆಟ್ಟು ಪ್ರಯೋಗ ಮಾಡಿ ಸೃಷ್ಟಿಸಿದ. ಆ ಕಾದಂಬರಿಯ ಹುಟ್ಟಿನ ಹಿಂದೆಯೂ ಒಂದು ಭೌತಿಕ ಕಾರಣವಿದೆ ಎಂದು ಹುಡುಗಿಗೆ ಹೇಳಿ, ಅವಳು ಕಿವಿ ನಿಮಿರಿಸಿಯಾಳು: 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಎಸೆದ ಬೂದಿ ಮತ್ತು ಗಂಧಕದ ಮಂಜಿನಿಂದ ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ, ಮಳೆಗೆ ಸಿಕ್ಕಿ ಜಿನೀವಾ ಸರೋವರದ ಬಳಿಯ ಮನೆಯಲ್ಲಿ ಕೂತ ಗೆಳೆಯರು ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿಕೊಂಡಾಗ ಹದಿನೆಂಟರ ಹರೆಯದ ಮೇರಿಗೆ ಈ ಕಥೆ ಹೊಳೆಯಿತು.

ಹಾಗೆಂದು ಪುಷ್ಪಕ ಕೆಳಗಿನದು, ಪ್ರಯೋಗಶಾಲೆ ಮೇಲಿನದು ಎಂದು ನಾನು ಹೇಳುತ್ತಿಲ್ಲ. ನಾವು ನಾವೆಲ್ಲಿಗೆ ‘ಕಾದಂಬರಿ’ ಎನ್ನುತ್ತೇವೆ. ಆ ಹೆಸರು ಬಂದದ್ದೇ ಬಾಣಭಟ್ಟನ ಗದ್ಯಕಾವ್ಯದಿಂದ. ಅದರಲ್ಲಿ ಗಿಳಿ ಕಥೆ ಹೇಳುತ್ತದೆ, ಚಂದ್ರನೇ ರಾಜಕುಮಾರನಾಗಿ ಹುಟ್ಟುತ್ತಾನೆ, ಸತ್ತವನ ದೇಹ ಕೊಳೆಯದೆ ಪ್ರೇಯಸಿಗಾಗಿ ಕಾಯುತ್ತದೆ. ನಾಗವರ್ಮ ಅದನ್ನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದು ಸಾವಿರ ವರ್ಷವಾಯಿತು. ವಾಸ್ತವವಾದಿ ಕಾದಂಬರಿಯೇ ಶ್ರೇಷ್ಠ ಎಂದು ಭಾಷಣ ಮಾಡುವವರು ಆ ಮಾತಿನಲ್ಲೇ ಒಂದು ಫ್ಯಾಂಟಸಿಯ ಹೆಸರನ್ನು ಉಚ್ಚರಿಸುತ್ತಿರುತ್ತಾರೆ. ನನಗೆ ಪ್ರತಿ ಸಲವೂ ನಗು ಬರುತ್ತದೆ.

ಪ್ರಶ್ನೆ: ಮಗ ಕೊಡಿಸಿದನೆಂದು ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮೂರು ಸಂಪುಟಗಳಲ್ಲಿ ಮೊದಲನೆಯದನ್ನು ಹಿಡಿದೆ. ನೂರು ಪುಟ ದಾಟುವಷ್ಟರಲ್ಲಿ ಹೆಸರುಗಳೆಲ್ಲ ಕಲಸುಮೇಲೋಗರವಾದವು. ಅರ್ಧಕ್ಕೆ ಬಿಡಲು ಮನಸ್ಸು ಒಪ್ಪುತ್ತಿಲ್ಲ. (ಗೃಹಿಣಿ, ಕುವೆಂಪುನಗರ, ಮೈಸೂರು)

ಉತ್ತರ: ಬಿಡಿ. ಪುಸ್ತಕ ಬೇಸರ ಮಾಡಿಕೊಳ್ಳುವುದಿಲ್ಲ, ಮಗನಿಗೆ ಹೇಳಬೇಕಾಗಿಯೂ ಇಲ್ಲ. ಟೋಲ್ಕೀನ್ ಅವರು ಬರೆದದ್ದು ಒಂದೇ ಕಾದಂಬರಿ. ಮಹಾಯುದ್ಧದ ನಂತರ ಕಾಗದದ ಬೆಲೆ ಏರಿದ್ದ ಕಾರಣ ಪ್ರಕಾಶಕರು ಅದನ್ನು 1954 ಮತ್ತು 1955ರಲ್ಲಿ ಮೂರು ಭಾಗ ಮಾಡಿ ಹೊರತಂದರು. ಆಕ್ಸ್‌ಫರ್ಡಿನಲ್ಲಿ ಭಾಷೆಗಳ ಪ್ರಾಧ್ಯಾಪಕರಾಗಿದ್ದ ಅವರು ಮೊದಲು ಭಾಷೆಗಳನ್ನೇ ಕಟ್ಟಿ, ಅವನ್ನು ಆಡಲು ಜನರನ್ನೂ ಜನರಿಗಿರಲು ನಾಡನ್ನೂ ಆಮೇಲೆ ಕಟ್ಟಿದವರು. ಹೆಸರುಗಳ ಕಾಟ ಅಲ್ಲಿಂದಲೇ ಬಂದದ್ದು. ಕೃಪ, ಕೃತವರ್ಮ, ಭೂರಿಶ್ರವ ಎಂದರೆ ನಮಗೆ ಗೊಂದಲವಾಗದಿರುವುದು ಅಜ್ಜಿಯ ಬಾಯಲ್ಲಿ, ಯಕ್ಷಗಾನ, ಹರಿಕಥೆಗಳಲ್ಲಿ ಅವನ್ನು ಮೊದಲೇ ಕೇಳಿರುವುದರಿಂದ. ಹೊರಗಿನವರು ಮಹಾಭಾರತ ಹಿಡಿದರೆ ನಿಮ್ಮ ಪಾಡೇ ಅವರಿಗೂ.

ಸದ್ಯಕ್ಕೆ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ 1968ರ ಸಣ್ಣ ಪುಸ್ತಕವನ್ನು ಎತ್ತಿಕೊಳ್ಳಿ. ಮಧ್ಯಾಹ್ನ ಅಡುಗೆ ಮುಗಿಸಿ ಕೂತರೆ ಮೂರ್ನಾಲ್ಕು ದಿನದಲ್ಲಿ ಮುಗಿಯುತ್ತದೆ. ಅಲ್ಲಿಯ ದ್ವೀಪಗಳಲ್ಲಿ ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ. ಅದು ಗೊತ್ತಾದವನ ಕೈಗೆ ಆ ವಸ್ತು, ಆ ಪ್ರಾಣಿ, ಆ ಮನುಷ್ಯ ಸಿಕ್ಕಿಬೀಳುತ್ತಾರೆ. ಆದ್ದರಿಂದ ಜನ ನಿಜವಾದ ಹೆಸರನ್ನು ಬಚ್ಚಿಟ್ಟು ಕರೆಯುವ ಹೆಸರೊಂದನ್ನು ಇಟ್ಟುಕೊಂಡಿರುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಮ್ಮ. ರೇಷನ್ ಕಾರ್ಡಿನವರು ಮನೆಗೆ ಬಂದು ಯಜಮಾನರ ಹೆಸರು ಕೇಳಿದರೆ ಅವರು ಸೆರಗಿನ ತುದಿ ಹಿಡಿದು ನನ್ನ ಕಡೆ ನೋಡುತ್ತಿದ್ದರು, ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ರಾತ್ರಿ ಹೆಸರು ಹಿಡಿದು ಕೂಗುವ ದೆವ್ವಕ್ಕೆ ಓಗೊಡಬಾರದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಮನೆಗಳನ್ನು ನೀವೂ ನೋಡಿರುತ್ತೀರಿ. ಹೆಸರಿಗೆ ಹೆದರುವ ಆ ಮಾಂತ್ರಿಕರು ನಮಗೆ ಪರಕೀಯರಲ್ಲ, ಟೋಲ್ಕೀನರ ಎಲ್ಫುಗಳೆಂಬ ಅಮರ ಜನರಿಗಿಂತ ಹತ್ತಿರದ ನೆಂಟರು. ಆಮೇಲೆ ಬೇಕೆನಿಸಿದರೆ ಆ ಮೂರು ಸಂಪುಟಗಳಿಗೆ ಮರಳಿ. ಹೆಸರುಗಳ ಒಂದು ಚೀಟಿ ಬರೆದು ಪುಟದ ನಡುವೆ ಇಟ್ಟುಕೊಂಡರಾಯಿತು.

ಪ್ರಶ್ನೆ: ಮೇಡಂ, ಚೀನಾದ ಲಿಯು ತ್ಸಿಷಿನ್ ಬರೆದ ‘ದ ತ್ರೀ ಬಾಡಿ ಪ್ರಾಬ್ಲಮ್’ ಓದಿದೆ. ಮೂರು ಸೂರ್ಯರಿರುವ ಆ ಲೋಕದಲ್ಲಿ ಪಂಚಾಂಗವನ್ನೇ ಬರೆಯಲಾಗದೆನ್ನುವುದು ನಿಜವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಗಣಿತ ನಿಜ, ಭೂಗೋಳ ಅರ್ಧ ನಿಜ. ಎರಡು ಕಾಯಗಳು ಒಂದನ್ನೊಂದು ಸುತ್ತುವ ದಾರಿಗೆ ನ್ಯೂಟನ್ ಕಾಲದಿಂದಲೂ ಖಚಿತ ಸೂತ್ರವಿದೆ. ಮೂರನೆಯದು ಸೇರಿತೆಂದರೆ ಎಲ್ಲ ಸಂದರ್ಭಕ್ಕೂ ಒಗ್ಗುವ ಅಂಥ ಸರಳ ಸೂತ್ರವಿಲ್ಲ. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮುಂದೆ ದಾರಿಯೇ ಬೇರೆಯಾಗಿಬಿಡಬಹುದೆಂಬುದನ್ನು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಕೊಂಡರು. ಆದರೆ ಕಥೆಗೆ ಆಧಾರವಾದ ಆಲ್ಫಾ ಸೆಂಟಾರಿಯಲ್ಲಿ, ಅಂದರೆ ನಮ್ಮಿಂದ ಸುಮಾರು 4.37 ಜ್ಯೋತಿರ್ವರ್ಷ ದೂರದಲ್ಲಿ, ಎರಡು ನಕ್ಷತ್ರಗಳು ಜೋಡಿಯಾಗಿ ಸುತ್ತುತ್ತಿದ್ದು, ಮೂರನೆಯದಾದ ಪ್ರಾಕ್ಸಿಮಾ ಪುಟ್ಟದು, ಬಹು ದೂರದಲ್ಲಿರುವಂಥದು. ಹಾಗಾಗಿ ಕಾದಂಬರಿಯಲ್ಲಿರುವಷ್ಟು ರಂಪ ಅಲ್ಲಿಲ್ಲ. ಲೇಖಕರು ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ಬರೆದವರು ಎಂಬುದು ನಿಮಗೆ ಖುಷಿ ಕೊಡಬಹುದು. ಪಾತ್ರಗಳು ಮಾತ್ರ ನನಗೆ ಒಣಕಡ್ಡಿಗಳಂತೆ ಕಂಡವು.

ಪ್ರಶ್ನೆ: ಇಷ್ಟೆಲ್ಲ ಇಂಗ್ಲಿಷಿನ ಮಾತಾಯಿತು. ಕನ್ನಡದಲ್ಲಿ ಇಂಥದ್ದು ಏಕಿಲ್ಲ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಒಂಟಿಕೊಪ್ಪಲು, ಮೈಸೂರು)

ಉತ್ತರ: ಇಲ್ಲವೆನ್ನಬೇಡಿ ಸ್ವಾಮಿ, ಕಡಿಮೆ ಎನ್ನಿ. ಜಗದೀಶಚಂದ್ರ ಬೋಸರು 1896ರಲ್ಲೇ ಬಂಗಾಳಿಯಲ್ಲಿ, ಸಮುದ್ರದ ಚಂಡಮಾರುತವನ್ನು ಒಂದು ಶೀಶೆ ತಲೆಗೆಣ್ಣೆ ಸುರಿದು ತಣಿಸುವ ಕಥೆ ಬರೆದಿದ್ದರು. ಮರಾಠಿಯಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರರು ತಮ್ಮ ಮೊದಲ ಕಥೆಯನ್ನು ಹೆಸರಿನ ಪ್ರಭಾವ ಬೀಳದಿರಲೆಂದು ಸುಳ್ಳು ಹೆಸರಿನಲ್ಲಿ ಸ್ಪರ್ಧೆಗೆ ಕಳಿಸಿ ಬಹುಮಾನ ಪಡೆದರು. ನಮ್ಮಲ್ಲಿ ರಾಜಶೇಖರ ಭೂಸನೂರಮಠರು ಈ ಹೊಲವನ್ನು ಬಹುಮಟ್ಟಿಗೆ ಒಬ್ಬರೇ ಉತ್ತರು.

ನನ್ನ ಲೆಕ್ಕದಲ್ಲಿ ಮೈಸೂರಿನಲ್ಲಿ ಓದಿ ಮೂಡಿಗೆರೆಗೆ ಹೋಗಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನೂ ಈ ಸಾಲಿನಲ್ಲೇ ಇಡಬೇಕು. 1980ರಲ್ಲಿ ಬಂದ ಆ ಕಾದಂಬರಿಯನ್ನು ಬಹಳ ಜನ ಓದಿದ್ದಾರೆ, ವಿಜ್ಞಾನ ಕಾದಂಬರಿ ಎಂದು ಹೆಸರಿಸಿ ಓದಿದವರು ಕಡಿಮೆ. ಅದು ಶುರುವಾಗುವುದು ಅಂತರಿಕ್ಷದಲ್ಲಲ್ಲ, ಜೇನುತುಪ್ಪ ಕೊಳ್ಳಲು ಹೋದಲ್ಲಿ. ಹಾಳು ಬಿದ್ದ ಗದ್ದೆ, ಜಗಳಗಂಟ ಆಳು, ಕೋರ್ಟು ಕಚೇರಿ, ಬಿರಿಯಾನಿ ಕರಿಯಪ್ಪ, ಯಾರ ಮಾತನ್ನೂ ಕೇಳದ ಕಿವಿ ಎಂಬ ನಾಯಿ, ಇವೆಲ್ಲವನ್ನೂ ಅಷ್ಟು ನಿಖರವಾಗಿ ಕಂಡ ಮೇಲೆ ಕಾಲಗರ್ಭದಿಂದ ಉಳಿದುಬಂದ ಹಾರುವ ಓತಿಯೊಂದು ಕಾಡಿನಲ್ಲಿದೆ ಎಂದರೆ ನಾವು ಎದುರು ಮಾತನಾಡುವುದಿಲ್ಲ. ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ಕೊಡೆಯಂತೆ ಬಿಚ್ಚಿ ಅಡಕೆ ಮರದಿಂದ ಮರಕ್ಕೆ ತೇಲುವ ಓತಿ ಪಶ್ಚಿಮ ಘಟ್ಟದಲ್ಲಿ ಇದ್ದೇ ಇದೆ. ಲೇಖಕರು ಅದರ ವಯಸ್ಸನ್ನಷ್ಟೇ ಹಿಗ್ಗಿಸಿದರು. ಅದ್ಭುತ ಕಥೆಯಲ್ಲಿ ಏನು ಬೇಕಾದರೂ ನಡೆಯಬಹುದಾದರೆ ಯಾವುದರಲ್ಲೂ ಸ್ವಾರಸ್ಯ ಉಳಿಯದು ಎಂಬರ್ಥದ ಮಾತನ್ನು ಇಂಗ್ಲಿಷಿನ ವಿಜ್ಞಾನ ಕಾದಂಬರಿಕಾರ ಎಚ್.ಜಿ. ವೆಲ್ಸ್ 1933ರ ಮುನ್ನುಡಿಯೊಂದರಲ್ಲಿ ಬರೆದಿದ್ದಾರೆ. ಒಂದೇ ಒಂದು ಅಸಂಭವ, ಅದರ ಸುತ್ತ ಎಲ್ಲವೂ ನಮ್ಮ ಬೀದಿಯಷ್ಟೇ ಪರಿಚಿತ: ಮಂಡ್ಯದ ತಾತ ನೀರು, ಗೊಬ್ಬರ ಕೇಳಿದ್ದೂ ಈ ಕಾರಣಕ್ಕೇ. ಈಗ ನನಗೆ ಬರುವ ಕನ್ನಡದ ಹಸ್ತಪ್ರತಿಗಳಲ್ಲಿ ಮೊದಲ ಪುಟದಲ್ಲೇ ಹತ್ತು ಗ್ರಹಗಳೂ ನಾಲ್ಕು ಯುದ್ಧಗಳೂ ಇರುತ್ತವೆ; ಅಲ್ಲಿ ಕಾಫಿ ಯಾರು ಕಾಸುತ್ತಾರೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

ಪ್ರಶ್ನೆ: ಇಂಥ ಪುಸ್ತಕಗಳನ್ನು ಓದುವವರು ಮೈಸೂರಿನಲ್ಲಿ ಎಲ್ಲಿ ಸೇರುತ್ತಾರೆ? ನಾನು ಬರಬಹುದೇ? (ಏಳನೆಯ ತರಗತಿ, ಶ್ರೀರಂಗಪಟ್ಟಣ)

ಉತ್ತರ: ಬಾ ಪುಟ್ಟಾ, ದೊಡ್ಡವರೊಬ್ಬರನ್ನು ಕರೆದುಕೊಂಡು ಬಾ. ನಾವು ಏಳೆಂಟು ಜನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದು ಕಲ್ಲುಬೆಂಚಿನ ಮೇಲೆ ಕೂರುತ್ತೇವೆ. ಓದುತ್ತಿರುವ ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದಬೇಕು, ಅಷ್ಟೇ ನಿಯಮ. ಪುಸ್ತಕವನ್ನು ಎರವಲು ಕೊಡುವುದಾದರೆ ಮೊದಲ ಹಾಳೆಯಲ್ಲಿ ನಿನ್ನ ಹೆಸರು ಬರೆದಿರು. ನನ್ನ ‘ಕರ್ವಾಲೊ’ ಹಾಗೆ ಹೋದದ್ದು ಇನ್ನೂ ಬಂದಿಲ್ಲ.