ಕಳ್ಳತನ ರಕ್ತದಲ್ಲಿ ಬರುತ್ತದೆಯೇ?

ಪ್ರಶ್ನೆ: ನಮ್ಮೂರಿನಲ್ಲಿ ಕಳವಾದಾಗಲೆಲ್ಲ ಊರಾಚೆಯ ಒಂದು ಓಣಿಯ ಹುಡುಗರನ್ನೇ ಮೊದಲು ವಿಚಾರಣೆಗೆ ಕರೆಯುತ್ತಾರೆ. ‘ಕಳ್ಳತನ ಅವರ ರಕ್ತದಲ್ಲೇ ಇದೆ’ ಎಂಬ ಮಾತಿಗೆ ಆಧಾರವಿದೆಯೇ? ಶಿಕ್ಷೆ ಕಠಿಣವಾದರೆ ಕಳವು ತಗ್ಗುತ್ತದೆಯೇ?
– ಓದುಗರೊಬ್ಬರು, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಆಧಾರವಿಲ್ಲ. ತಲೆಬುರುಡೆ, ದವಡೆಗಳ ಆಕಾರದಿಂದ ‘ಹುಟ್ಟು ಅಪರಾಧಿ’ಯನ್ನು ಗುರುತಿಸಬಹುದೆಂದು ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ವಾದಿಸಿದರು; ಆದರೆ ಇಂಗ್ಲೆಂಡಿನ ಜೈಲು ವೈದ್ಯ ಚಾರ್ಲ್ಸ್ ಗೋರಿಂಗ್ ಕೈದಿಗಳನ್ನೂ ಇತರರನ್ನೂ ಅಳೆದು ಹೋಲಿಸಿ, 1913ರಲ್ಲಿ ಆ ವಾದವನ್ನು ಅಲ್ಲಗಳೆದರು. ನಮ್ಮಲ್ಲಂತೂ ನೀತಿಯು ಸಿದ್ಧಾಂತಕ್ಕಾಗಿ ಕಾಯಲೇ ಇಲ್ಲ. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆಂಬ ತರ್ಕವನ್ನು ನಂಬಿದ ಬ್ರಿಟಿಷ್ ಸರ್ಕಾರವು 1871ರಲ್ಲೇ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದು, ಇಡೀ ಸಮುದಾಯಗಳನ್ನು ಪಟ್ಟಿಗೆ ಸೇರಿಸಿ, ಹಾಜರಿ ಹಾಕಿಸಿ, ಅನುಮತಿಯಿಲ್ಲದೆ ಊರು ಬಿಡದಂತೆ ಕಟ್ಟಿಹಾಕಿತು. ಅದು 1952ರಲ್ಲಿ ರದ್ದಾದರೂ, ಮತ್ತೆ ಮತ್ತೆ ಅಪರಾಧ ಮಾಡುವವರ ಮೇಲೆ ನಿಗಾ ಇಡುವ ರಾಜ್ಯಗಳ ರೂಢಿಗತ ಅಪರಾಧಿಗಳ ಕಾಯ್ದೆಗಳು ಹಳೆಯ ಅನುಮಾನವನ್ನೇ ಬೇರೆ ಹೆಸರಿನಲ್ಲಿ ಉಳಿಸಿದವು ಎಂಬುದು ನನ್ನ ಅಭಿಪ್ರಾಯ.

ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದೆ ಬರುತ್ತದೆಂಬ ಖಚಿತತೆಯೇ ಜನರನ್ನು ತಡೆಯುತ್ತದೆಂದು ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ಬರೆದಿದ್ದರು. ಈಚಿನ ಸಂಶೋಧನೆಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತವೆ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಕೋಹೆನ್ ಮತ್ತು ಫೆಲ್ಸನ್ 1979ರಲ್ಲಿ ಮಂಡಿಸಿದ ಸಿದ್ಧಾಂತವು ನಿಮ್ಮ ಊರಿಗೆ ಹೆಚ್ಚು ಹತ್ತಿರದ್ದು: ಕದಿಯಲು ಸಿದ್ಧನಾದವನು, ಕದಿಯತಕ್ಕ ವಸ್ತು, ಕಾಯುವವರಿಲ್ಲದ ಹೊತ್ತು, ಈ ಮೂರೂ ಕೂಡಿದಾಗ ಕಳವು ನಡೆಯುತ್ತದೆ. ತೊಗರಿಯ ರಾಶಿ ಮುಗಿಸಿ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದವರ ಬೀಗ ಬಿದ್ದ ಮನೆಗಳಿರುವ ಓಣಿಗಳಲ್ಲಿ ರಾತ್ರಿ ಗಸ್ತು ಹೆಚ್ಚಿಸುವಂತೆ ಗ್ರಾಮಸಭೆಯಲ್ಲಿ ಕೇಳಿರಿ.